ಬಂಗಾರದ ಕಳ್ಳಿಯ ಬುಡ ಮೆತ್ತಗಾಗಿದೆ, ಉಳಿಸಿಕೊಂಡವರು ಇದ್ದೀರಾ?

ಹುಬ್ಬಳ್ಳಿ ನವನಗರದಿಂದ, ಕೇಳಿದವರು:
ಎರಡು ವರ್ಷದ ಹಿಂದೆ ನರ್ಸರಿಯಿಂದ ಒಂದು ಗೋಲ್ಡನ್ ಬ್ಯಾರಲ್ ಕ್ಯಾಕ್ಟಸ್ ತಂದೆ. ತೆಂಗಿನಕಾಯಿ ಗಾತ್ರ, ಮೈತುಂಬ ಹಳದಿ ಮುಳ್ಳು. ಈ ಬೇಸಿಗೆಯಲ್ಲಿ ದೊಡ್ಡ ಕುಂಡಕ್ಕೆ ಹಾಕಿ, ಅಣ್ಣಿಗೇರಿಯ ನಮ್ಮ ಹೊಲದ ಎರೆ ಮಣ್ಣು ತುಂಬಿದೆ. ಜುಲೈ ಪೂರ್ತಿ ಟೆರೇಸ್ ಮೇಲೆ ಮಳೆಯಲ್ಲೇ ಇತ್ತು. ಈಗ ಬುಡ ಕಂದು ಬಣ್ಣಕ್ಕೆ ತಿರುಗಿದೆ, ಕಡ್ಡಿಯಿಂದ ಒತ್ತಿದರೆ ಒಳಗೆ ಇಳಿಯುತ್ತೆ. ಇದು ಉಳಿಯುತ್ತಾ? ಮಳೆಗಾಲದಲ್ಲಿ ನೀವೆಲ್ಲ ಹೇಗೆ ನೋಡಿಕೊಳ್ಳುತ್ತೀರಿ?

ಧಾರವಾಡ ಸಪ್ತಾಪುರದಿಂದ:
ಅಕ್ಕಾರೇ, ಮೊದಲು ಕುಂಡದಿಂದ ಕಿತ್ತುಬಿಡಿ, ಉಳಿದ ಮಾತು ಆಮೇಲೆ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಸುತ್ತಿ ಹಿಡಿಯಿರಿ, ಬರೀ ಪೇಪರ್ ಸಾಲೋದಿಲ್ಲ. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಬುಡದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಬನ್ನಿ. ಪ್ರತಿ ಸಲವೂ ಒರೆಸಬೇಕು. ನಟ್ಟನಡುವೆ ಒಂದು ಉಂಗುರ ಕಾಣುತ್ತೆ, ಅದು ನೀರು ಮೇಲೇರುವ ದಾರಿ. ಅಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಇದ್ದರೂ ಇನ್ನೊಂದು ಬಿಲ್ಲೆ ತೆಗೆಯಿರಿ. ನಾನು 'ಇಷ್ಟೇ ಅಲ್ವಾ' ಅಂತ ಬಿಟ್ಟೆ. ಹತ್ತು ದಿನಕ್ಕೆ ಇಡೀ ಗಿಡ ಕೊಳೆತು ನೀರಾಯಿತು.

ಚೊಕ್ಕ ತಿರುಳು ಬಂದ ಮೇಲೆ ನೆರಳಲ್ಲಿ ಎರಡು ಮೂರು ವಾರ ಒಣಗಲಿ. ಕೊಯ್ದ ಜಾಗ ಚರ್ಮದ ಹಾಗೆ ಗಟ್ಟಿಯಾದ ಮೇಲೆ ಒಣ ಮರಳ ಮೇಲೆ ಕೂರಿಸಿ. ಬೇರು ಬರೋಕೆ ತಿಂಗಳುಗಟ್ಟಲೆ ಹಿಡಿಯಬಹುದು, ಬರದೇ ಇರಲೂಬಹುದು. ಡಬ್ಬಗಳ್ಳಿ ತುಂಡು ಮುರಿದು ಎಸೆದರೂ ಚಿಗುರುತ್ತಲ್ಲ, ಇದು ಆ ಜಾತಿ ಅಲ್ಲ.

ಮಳೆ ಮೇಲೆ ಮಾತ್ರ ಸಿಟ್ಟಾಗಬೇಡಿ. ಇದರ ತವರು ಮೆಕ್ಸಿಕೋ ದೇಶದ ನಡುಭಾಗದ ಕಣಿವೆಗಳು. ಅಲ್ಲೂ ನಮ್ಮ ಹಾಗೆ ಜೂನ್‌ನಿಂದ ಸೆಪ್ಟೆಂಬರ್ ತನಕವೇ ಮಳೆ ಜಾಸ್ತಿ. ಆದರೆ ಗಿಡ ಇರೋದು ಕಡಿದಾದ ಕಲ್ಲಿನ ಇಳಿಜಾರಲ್ಲಿ, ಬಿದ್ದ ನೀರು ನಿಲ್ಲೋದೇ ಇಲ್ಲ. ನಿಮ್ಮ ಎರೆ ಮಣ್ಣು ಬಿಳಿಜೋಳಕ್ಕೆ, ಕಡಲೆಗೆ ಬಂಗಾರ, ಯಾಕೆಂದರೆ ಹಿಡಿದ ನೀರನ್ನು ಬಿಡೋದಿಲ್ಲ. ಕಳ್ಳಿಗೆ ಅದೇ ವಿಷ. ಅದರ ಮೇಲೆ ನಮ್ಮ ಜಿಟಿಜಿಟಿ ಮಳೆ ಬೇರೆ, ವಾರಗಟ್ಟಲೆ ಬಿಸಿಲೇ ಬೀಳಲ್ಲ. ನಾನು ಮುಕ್ಕಾಲು ಪಾಲು ದಪ್ಪ ಮರಳು, ಇಟ್ಟಿಗೆ ಚೂರು ಹಾಕಿ, ಉಳಿದದ್ದಕ್ಕೆ ಕೆಂಪು ಮಣ್ಣು ಸೇರಿಸುತ್ತೇನೆ. ಜೂನ್ ಬಂದರೆ ತಗಡಿನ ಚಾವಣಿ ಕೆಳಗೆ. ಏಪ್ರಿಲ್, ಮೇನಲ್ಲಿ ಹತ್ತು ದಿನಕ್ಕೊಮ್ಮೆ ನೀರು, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಕೊಟ್ಟೆ.

ಪಾಪ, ಅದರ ತವರೂ ನೀರಲ್ಲೇ ಹೋಯಿತು. 1990ರ ದಶಕದಲ್ಲಿ ಜಿಮಾಪಾನ್ ಅಣೆಕಟ್ಟು ಕಟ್ಟಿದಾಗ ಅದು ಬೆಳೆಯುತ್ತಿದ್ದ ಕಣಿವೆಯ ಒಂದು ದೊಡ್ಡ ಭಾಗ ಮುಳುಗಿತು. ಕಾಡಲ್ಲಿ ಈಗ ಅಳಿವಿನಂಚಿನ ಗಿಡ. ನರ್ಸರಿಗಳಲ್ಲಿ ಮಾತ್ರ ಬೇಕಾದಷ್ಟು, ಎಲ್ಲ ಬೀಜದಿಂದ ಮಾಡಿದ್ದು.

ಗದಗದಿಂದ:
ನಮ್ಮಲ್ಲಿ ಮಳೆ ಕಡಿಮೆ, ಮಸಾರಿ ಮಣ್ಣಿಗೆ ಮರಳು ಬೆರೆಸಿ ಹೊರಗೇ ಇಟ್ಟಿದ್ದೇನೆ, ಏನೂ ಆಗಿಲ್ಲ. ನನಗೆ ಪೆಟ್ಟು ಕೊಟ್ಟದ್ದು ಬಿಸಿಲು. ಹಸಿರು ನೆಟ್ ಕೆಳಗೆ ಬೆಳೆದ ಗಿಡವನ್ನು ತಂದ ದಿನವೇ ಏಪ್ರಿಲ್ ಬಿಸಿಲಿಗೆ ಇಟ್ಟೆ. ಪಡುವಣ ಬದಿ ಸುಟ್ಟು ಬೆಳ್ಳಗಾಯಿತು, ಆ ಕಲೆ ಇವತ್ತಿಗೂ ಹೋಗಿಲ್ಲ. ಹಾಗಂತ ಟೀವಿ ಪಕ್ಕ ಇಡಬೇಡಿ, ಬೆಳಕು ಸಾಲದೆ ನೆತ್ತಿ ಚೂಪಾಗಿ ಉದ್ದಕ್ಕೆ ಎಳೆಯುತ್ತೆ. ಕಿತ್ತಾಗ ಬೇರಲ್ಲಿ ಬಿಳಿ ಹಿಟ್ಟಿನ ಹಾಗೆ ಏನಾದರೂ ಇತ್ತಾ? ಇದ್ದರೆ ಹಿಟ್ಟು ತಿಗಣೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ರಾಣೆಬೆನ್ನೂರಿನಿಂದ:
ಹೂವಿನ ಆಸೆಗೆ ಇಟ್ಟುಕೊಂಡಿದ್ದರೆ ಸುಮ್ನೆ ಕಾಯಬೇಡಿ. ಹದಿನೈದು ಇಪ್ಪತ್ತು ವರ್ಷ ಆಗಿ ದೊಡ್ಡ ಗಡಿಗೆಯಷ್ಟಾದ ಮೇಲೇ ನೆತ್ತಿಯ ಉಣ್ಣೆಯಲ್ಲಿ ಸಣ್ಣ ಹಳದಿ ಹೂವು. ಅಂದಹಾಗೆ ಇಂಗ್ಲಿಷಿನವರು ಇದನ್ನು 'ಅತ್ತೆಯ ದಿಂಬು' ಅಂತಾರೆ. ಮನೆಯಲ್ಲಿ ಹೇಳೋಕೆ ಹೋಗಬೇಡಿ!

ನವನಗರದಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್‌ರೀ. ತಿಗಣೆ ಇರಲಿಲ್ಲ. ಮಣ್ಣು ಮಾತ್ರ ಕಣಕದ ಹಾಗೆ ಬೇರಿಗೆ ಮೆತ್ತಿಕೊಂಡಿತ್ತು. ಮೊದಲ ಬಿಲ್ಲೆ ಪೂರ್ತಿ ಕಂದು, ಎರಡನೆಯದರಲ್ಲಿ ಉಂಗುರದ ಅಂಚಿಗೆ ಎರಡು ಚುಕ್ಕೆ. ನಾಲ್ಕನೆಯದು ಎಳೆ ಸೌತೆಕಾಯಿಯ ಹಾಗೆ ತಿಳಿ ಹಸಿರು. ಅರ್ಧ ಗಿಡ ಉಳಿದಿದೆ, ಪಡಸಾಲೆಯಲ್ಲಿ ಬುಟ್ಟಿ ಮೇಲೆ ಮಗ್ಗುಲಾಗಿ ಮಲಗಿಸಿದ್ದೇನೆ. ಬಿಲ್ಲೆಗಳನ್ನು ಇನ್ನೂ ಎಸೆದಿರಲಿಲ್ಲ. ಅತ್ತೆಯವರು ನೋಡಿ, "ಇದೇನವಾ, ಕುಂಬಳಕಾಯಿ ಹೆಚ್ಚಿ ಹಂಗ ಇಟ್ಟೀ? ಸಂಡಿಗಿ ಹಾಕೋದೈತೇನ?" ಎಂದರು.