ಅಮ್ಮನ ಮಣಿಕಟ್ಟು: ಬದಲಿ ಕೀಲೋ, ಫ್ಯೂಷನ್ನೋ?

ಡೊಂಬಿವ್ಲಿಯಿಂದ:
ಅಮ್ಮನಿಗೆ 63. ಹದಿನೆಂಟು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಎರಡೂ ಮಣಿಕಟ್ಟು ಸವೆದಿವೆ, ಬಲಗೈಯಲ್ಲಿ ಚಹಾ ಲೋಟ ಎತ್ತಿದರೂ ನೋವು. ಒಬ್ಬ ಡಾಕ್ಟರು ಪ್ಲೇಟ್ ಹಾಕಿ ಫ್ಯೂಷನ್, ಅಂದರೆ ಮೂಳೆ ಬೆಸೆದು ಮಣಿಕಟ್ಟು ಬಗ್ಗದ ಹಾಗೆ, ಮಾಡಿಬಿಡೋಣ ಅಂದರು. ಇನ್ನೊಬ್ಬರು ರಿಪ್ಲೇಸ್‌ಮೆಂಟ್ ಆಗುತ್ತದೆ ಅಂದರು. ಚಿಕ್ಕಮ್ಮನ ಮಂಡಿ ಬದಲಿಸಿ ಹನ್ನೆರಡು ವರ್ಷ ಆಯ್ತು, ಮೆಟ್ಟಿಲು ಹತ್ತುತ್ತಾರೆ. ಹಾಗಾದರೆ ಮಣಿಕಟ್ಟಿಗೂ ಅದೇ ಸರಿಯಲ್ಲವೇ? ಗೊತ್ತಿದ್ದವರು ಹೇಳಿ.

ಪುಣೆ, ಕೊಥ್ರೂಡಿನಿಂದ:
ಅಕ್ಕಾರ, ಮಂಡಿ ಲೆಕ್ಕ ಮಣಿಕಟ್ಟಿಗೆ ಹಚ್ಚಬ್ಯಾಡ್ರಿ. ನಮ್ಮ ಅವ್ವಗ ಆರು ವರ್ಷದ ಹಿಂದ ಬಲಗೈಗೆ ಬದಲಿ ಕೀಲು ಹಾಕ್ಸಿದ್ವಿ. ಮೊದಲ ನಾಕು ವರ್ಷ ಬಂಗಾರ. ನೋವು ಹೋತು, ತಾನ ಹೆರಳು ಹಾಕ್ಕೊಳ್ಳಾಕಿ. ನಾಕೈದು ಕಿಲೋಕಿಂತ ಹೆಚ್ಚು ಎತ್ತಬ್ಯಾಡ್ರಿ, ಬಡಿಯೋ ಕೆಲಸ ಬ್ಯಾಡ ಅಂದಿದ್ರು ಡಾಕ್ಟರು. ವಿಜಯಪುರದಾಕಿ ರೊಟ್ಟಿ ಬಡೀಲಾರದ ಇರ್ತಾಳೇನ್ರಿ? ನಾವು ಆಫೀಸಿಗೆ ಹೋದ ಮ್ಯಾಲ ಬಡದಾಳ! ಆದ್ರ ರೊಟ್ಟಿಯಿಂದನ ಕೆಟ್ಟಿತು ಅಂತ ನಾ ಹೇಳಂಗಿಲ್ಲ. ಅಂಗೈ ಕಡೀ ತುಂಡು ಸಡಿಲಾಗೋದು ಈ ಕೀಲಿನ ಹಳೇ ರೋಗಂತ. ಎಕ್ಸ್‌ರೇದಾಗ ಸ್ಕ್ರೂ ಸುತ್ತ ಕರಿ ಗೆರಿ ಕಂಡ್ವು. ಕಡೀಕ ಕೀಲು ತಗದು, ಸೊಂಟದ ಎಲುಬು ತಂದು ತುಂಬಿ ಫ್ಯೂಷನ್ ಮಾಡಿದ್ರು. ಎರಡನೇ ಆಪರೇಷನ್ ಮೊದಲಿನಕಿಂತ ಭಾಳ ತ್ರಾಸಾತು. "ಕೆಟ್ಟರ ಮುಂದೇನು, ಎಲುಬು ಎಷ್ಟು ಉಳೀತದ" ಅಂತ ಮೊದಲ ಕೇಳ್ರಿ.

ಮುಲುಂಡಿನಿಂದ, ಕೈಯ ಫಿಸಿಯೋಥೆರಪಿ ಮಾಡುವವಳು:
ಮೇಲಿನವರು ಹೇಳಿದ್ದು ನಿಜ. ಮಂಡಿಯಲ್ಲಿ ಕೀಲು ಕಚ್ಚಿಕೊಳ್ಳಲು ದೊಡ್ಡ ಮೂಳೆಗಳಿವೆ. ಮಣಿಕಟ್ಟಿನಲ್ಲಿರುವುದು ಗೋಲಿಯಂಥ 8 ಮೂಳೆ, ಅದರಲ್ಲೂ ಮೇಲಿನ ಸಾಲಿನ ಬಹುಪಾಲನ್ನು ತೆಗೆದೇ ಕೀಲು ಕೂರಿಸಬೇಕು. ಸಂಧಿವಾತದವರಲ್ಲಿ ಉಳಿದ ಮೂಳೆಯೂ ಮೆತ್ತಗೆ. 1960ರ ದಶಕದ ಕೊನೆಗೆ ಸ್ವಾನ್ಸನ್ ಅವರ ಸಿಲಿಕೋನ್ ಕೀಲು ಬಂತು, ಅದು ಮುರಿಯುತ್ತಿತ್ತು, ಪುಡಿಯಿಂದ ಉರಿಯೂತ ಬೇರೆ. 1970ರ ದಶಕದ ಮ್ಯೂಲಿ, ವೋಲ್ಜ್ ಲೋಹದ ಕೀಲುಗಳಲ್ಲಿ ತಿರುಗುವ ಬಿಂದು ನಿಜವಾದ ಮಣಿಕಟ್ಟಿನದಕ್ಕೆ ಹೊಂದದೆ ಕೈ ಕಿರುಬೆರಳ ಕಡೆಗೆ ವಾಲಿತು. ಬೈಆಕ್ಸಿಯಲ್ ಅನ್ನುವ ಕೀಲು ಬಂದಾಗ ನಡುಬೆರಳ ಅಂಗೈ ಮೂಳೆಯೊಳಗೆ ಹೋದ ಕಡ್ಡಿಯೇ ಅಲುಗಾಡಿತು. ಆಮೇಲೆ ಮೆನನ್ ಅವರ ಯೂನಿವರ್ಸಲ್ ಕೀಲು: ಉಳಿದ ಪುಟ್ಟ ಮೂಳೆಗಳನ್ನು ಒಂದಕ್ಕೊಂದು ಬೆಸೆದು ಮೇಲೆ ಸ್ಕ್ರೂ ಬಿಗಿದ ಫಲಕ. ಕಚ್ಚಿಕೊಳ್ಳುವುದು ಸುಧಾರಿಸಿತು, ಆದರೆ ಕೀಲು ಜಾರತೊಡಗಿತು. ಯೂನಿವರ್ಸಲ್ 2ರಲ್ಲಿ ಆಕಾರವನ್ನೇ ಬದಲಿಸಬೇಕಾಯ್ತು. ಒಂದು ತೂತು ಮುಚ್ಚಿದರೆ ಇನ್ನೊಂದು!

1985ರಲ್ಲಿ ಪಾಮರ್ ತಂಡ ಅಳೆದ ಪ್ರಕಾರ ದಿನದ ಹೆಚ್ಚಿನ ಕೆಲಸಕ್ಕೆ ಒಳಗೆ 5, ಹಿಂದಕ್ಕೆ 30 ಡಿಗ್ರಿ ಬಾಗಿದರೆ ಸಾಕು. ಬದಲಿ ಕೀಲು ಇಷ್ಟು ಕೊಡಬಲ್ಲದು. ಆದರೆ ಅಂಗೈ ಊರಿ ನೆಲದಿಂದ ಏಳುವುದಕ್ಕೆ ಅದು ಆಗದು.

ಇನ್ನೊಂದು, ಮುಜುಗರದಿಂದ ಯಾರೂ ಕೇಳದ ಮಾತು. ಎರಡೂ ಕೈ ಫ್ಯೂಷನ್ ಆದರೆ ಶೌಚದ ನಂತರ ತೊಳೆದುಕೊಳ್ಳುವುದು ಕಷ್ಟ. ಅದಕ್ಕೇ ಒಂದು ಕೈಯಲ್ಲಾದರೂ ಬಾಗುವಿಕೆ ಉಳಿಸುವ ಯೋಚನೆ ಇರುತ್ತದೆ. ನಮ್ಮವರಲ್ಲಿ ಅದು ಎಡಗೈ. ಕೋಲು, ವಾಕರ್ ಮೇಲೆ ಭಾರ ಹಾಕುವವರ ಕೈಗೆ ಬದಲಿ ಕೀಲನ್ನು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ, ಇದನ್ನೂ ನೋಡಿ.

ಮಾಟುಂಗದಿಂದ:
ನನ್ನದು ಬಲಗೈ ಫ್ಯೂಷನ್, ಒಂಬತ್ತು ವರ್ಷ ಆಯ್ತು ಮಾರಾಯ್ರೆ. ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಮಣಿಕಟ್ಟು ಬಗ್ಗುವುದಿಲ್ಲ, ಆದರೆ ಅಂಗೈ ಮೇಲೆ ಕೆಳಗೆ ಮಾಡ್ಲಿಕ್ಕೆ ಆಗ್ತದೆ, ಬೀಗ ತೆಗೀತೇನೆ. ಗಂಜಿ ಉಣ್ಣುವಾಗ ತಲೆ ಸ್ವಲ್ಪ ತಗ್ಗಿಸಬೇಕು, ಅಷ್ಟೇ. ಲೋಕಲ್‌ನಲ್ಲಿ ಹಿಡಿಕೆಗೆ ಜೋತು ನಿಲ್ತೇನೆ, ನೋವಿಲ್ಲ. ಕಿರಿದಾದ ಡಬ್ಬಿಯೊಳಗೆ ಕೈ ಹಾಕುವುದು ಮಾತ್ರ ಈಗಲೂ ಸಂಕಟ. ಮೊದಲು ಒಂದು ವಾರ ಗಟ್ಟಿ ಪಟ್ಟಿ ಕಟ್ಟಿ ಅಮ್ಮನ ಕೈಯನ್ನು ಅಲುಗಾಡದ ಹಾಗೆ ಮಾಡಿ ನೋಡಿ. ನನಗೂ ಹಾಗೇ ಮಾಡಿಸಿದ್ದರು.

ಡೊಂಬಿವ್ಲಿಯಿಂದ:
ಎಲ್ಲರಿಗೂ ಧನ್ಯವಾದ. ಎಡಗೈ ವಿಷಯ ಕೇಳಿದ್ದಕ್ಕೆ ಅಮ್ಮ ಮೊದಲು ಗದರಿದರು, ಆಮೇಲೆ "ಅದೇ ನನಗೆ ಭಯ ಇದ್ದದ್ದು" ಅಂದರು. ಇನ್ನೊಂದು, ಕಳೆದ ಮಳೆಗಾಲದಿಂದ ಅವರು ಬಲಗೈಯಲ್ಲೇ ಕೋಲು ಊರುತ್ತಿದ್ದಾರೆ. ಇಬ್ಬರು ಡಾಕ್ಟರಿಗೂ ನಾವು ಹೇಳಿಲ್ಲ, ಅವರೂ ಕೇಳಲಿಲ್ಲ. ಶನಿವಾರ ಮತ್ತೆ ಹೋಗುತ್ತಿದ್ದೇವೆ, ಕೋಲು ಸಮೇತ.