ಹೆಚ್ಚೋ ಮಣೆ ಕೇಳಿದ್ರಲ್ಲ ಅತ್ಗೆ, ಅದಕ್ಕೆ

ಅತ್ಗೆ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಮೂರೂ ಕಟಿಂಗ್ ಬೋರ್ಡ್ ಫೋಟೋ ನೋಡ್ದೆ. 350ರ ಬಿದಿರಿಂದು, 550ರ ಬಿಳಿ ಮರದ್ದು, 900ರ ಅಕೇಶಿಯಾದ್ದು. ಸ್ವಲ್ಪ ಉದ್ದ ಆಗುತ್ತೆ, ಕೈಕೆಲಸ ಮಾಡ್ಕೊಂಡೇ ಕೇಳಿ.

ಆ ಮೂರರಲ್ಲೇ ಒಂದು ಅಂದ್ರೆ ಅಕೇಶಿಯಾ ತಗೊಳ್ಳಿ. ಬಿದಿರು ಮರ ಅಲ್ಲ, ಹುಲ್ಲಿನ ಜಾತಿ. ಸಣ್ಣ ಸಣ್ಣ ಪಟ್ಟಿಗಳಿಗೆ ಗೋಂದು ಹಾಕಿ ಒತ್ತಿರ್ತಾರೆ. ಗಟ್ಟಿ ಅನ್ನೋದು ನಿಜ, ಆದ್ರೆ ಅದರಲ್ಲಿ ಸಿಲಿಕಾ, ಅಂದ್ರೆ ಮರಳಿನ ಅಂಶ, ಇರೋದ್ರಿಂದ ಚಾಕು ಬೇಗ ಮೊಂಡಾಗುತ್ತೆ. ಅದೂ ಒಂದು ಸೆಂಟಿಮೀಟರ್ ದಪ್ಪದ್ದು ನೀರು ಕುಡಿದು ಒಣಗಿ, ಕುಡಿದು ಒಣಗಿ, ಗೋಂದಿನ ಗೆರೆ ಬಿಟ್ಕೊಳ್ಳುತ್ತೆ. ಆ ಸಂದಿಗೆ ಈರುಳ್ಳಿ ರಸ ಇಳಿದು ಕಪ್ಪಾದ್ರೆ ಎಷ್ಟು ಉಜ್ಜಿದ್ರೂ ಹೋಗಲ್ಲ. ಬಿಳಿ ಮರದ್ದಕ್ಕೆ 'ನ್ಯಾಚುರಲ್ ವುಡ್' ಅಂತ ಬರೆದಿದ್ದಾರೆ, ಮರದ ಹೆಸರೇ ಇಲ್ಲ. ಆ ಬಣ್ಣದ್ದು ಸಾಮಾನ್ಯವಾಗಿ ರಬ್ಬರ್ ಮರ. ಅದು ಕೆಟ್ಟದ್ದೇನಲ್ಲ, ಒದ್ದೆ ಇಟ್ರೆ ಬೂಷ್ಟು ಬೇಗ ಹಿಡಿಯುತ್ತೆ ಅಷ್ಟೇ. ನನಗೆ ಬೇಡ ಅನ್ನಿಸಿದ್ದು ಅದರ ಹೊಳಪು. ಮೇಲೆ ಲ್ಯಾಕರ್ ಬಳಿದಿದ್ರೆ ಚಾಕು ತಾಗಿದ ಕಡೆಯೆಲ್ಲ ಸಿಪ್ಪೆ ಏಳುತ್ತೆ, ಅದು ಹೋಗೋದು ಪಲ್ಯಕ್ಕೇ.

ಭಾವ 'ಪ್ಲಾಸ್ಟಿಕ್ಕೇ ಸಾಕಲ್ವಾ, ತೊಳೆಯೋಕೂ ಸುಲಭ' ಅಂತ ಕೇಳಿದ್ದಾರೆ. ಹೊಸದಾಗಿರೋವಾಗ ಸುಲಭ ಭಾವ. ಗೀರು ಬಿದ್ದ ಮೇಲೆ ಕಷ್ಟ. ಅಮೆರಿಕದ ಡೀನ್ ಕ್ಲೈವರ್ ಅನ್ನೋ ವಿಜ್ಞಾನಿ 1990ರ ದಶಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಗೀರು ಬಿದ್ದ ಪ್ಲಾಸ್ಟಿಕ್‌ನಲ್ಲಿ ಬ್ಯಾಕ್ಟೀರಿಯಾ ಕೈಯಲ್ಲಿ ತೊಳೆದ್ರೂ ಉಳ್ಕೊಂಡ್ವು. ಮರದ ಒಳಕ್ಕೆ ಇಳಿದವು ಸಂಖ್ಯೆಯಲ್ಲಿ ಬೆಳೆಯದೆ ನಿಧಾನಕ್ಕೆ ಸತ್ತುಹೋದ್ವು.

ಈಗ ನಾನು ನಿಜವಾಗಿ ಹೇಳಬೇಕು ಅಂತಿರೋದು. ಆನ್‌ಲೈನ್ ಬಿಟ್ಟು, ನಿಮ್ಮನೆ ವಾರ್ಡ್‌ರೋಬ್ ಮಾಡಿದ ಆಚಾರ್ರನ್ನ ಒಂದು ಮಾತು ಕೇಳಿ. ಬಾಗಿಲು ಕಿಟಕಿ ಕೆಲಸದಲ್ಲಿ ತೇಗದ ತುಂಡು ಉಳಿದೇ ಉಳಿಯುತ್ತೆ. 14 ಇಂಚು ಉದ್ದ, 10 ಇಂಚು ಅಗಲ, ಒಂದಿಂಚು ದಪ್ಪ ಸಾಕು. ನಿಮ್ಮ ಸಿಂಕ್ ಅಳತೆ ಮೊದಲು ನೋಡ್ಕೊಳ್ಳಿ, ಮಣೆ ಒಳಗೆ ಮಲಗದಿದ್ರೆ ತೊಳೆಯೋವಾಗ ನೆಲವೆಲ್ಲ ನೀರು. ಚೇಗು, ಅಂದ್ರೆ ಮರದ ಒಳಗಿನ ಗಟ್ಟಿ ಕಂದು ಭಾಗವೇ ಬೇಕು ಅನ್ನಿ, ಅಂಚಿನ ಬಿಳಿ ಭಾಗಕ್ಕೆ ಹುಳ ಬೀಳುತ್ತೆ. ಗಂಟು ಬೇಡ. ತುದಿ ಕಡೆಯಿಂದ ನೋಡಿದ್ರೆ ಗೆರೆಗಳು ಮೇಲಿಂದ ಕೆಳಗೆ ನೆಟ್ಟಗೆ ಇಳಿದಿರಬೇಕು. ಕಮಾನಿನ ಹಾಗೆ ಬಾಗಿದ್ರೆ ಹಲಗೆ ಮುಂದೆ ದೋಣಿ ಥರ ಬಗ್ಗುತ್ತೆ. ಅಷ್ಟು ಅಗಲ ಒಂದೇ ತುಂಡಲ್ಲಿ ಸಿಗದಿದ್ರೆ ಎರಡು ಮೂರು ಪಟ್ಟಿ ಜೋಡಿಸಿದ್ರೂ ಸರಿ, ನೀರಿಗೆ ತಡೆಯೋ ಗೋಂದು ಹಾಕಿಸಿ.

ಎರಡಕ್ಕೆ ಮಾತ್ರ ಒಪ್ಪಬೇಡಿ. ಹಳೇ ಬಾಗಿಲಿನ ಹಲಗೆ ಬೇಡವೇ ಬೇಡ, ಹಳೇ ಪೇಂಟಲ್ಲಿ ಸೀಸ ಇರಬಹುದು, ಗೆದ್ದಲಿನ ಔಷಧಿಯೂ ಹೊಡೆದಿರ್ತಾರೆ. ಹೊನ್ನೆ ಮರ ಕೊಡ್ತೀನಿ ಅಂದ್ರೂ ಬೇಡ ಅನ್ನಿ. ಗಟ್ಟಿ ಮರವೇ, ಆದ್ರೆ ನೀರು ತಾಗಿದ್ರೆ ಬಣ್ಣ ಬಿಡುತ್ತೆ.

ಪಾಲಿಶ್, ವಾರ್ನಿಶ್, ಸೀಲರ್ ಯಾವುದೂ ಹೊಡಿಬೇಡಿ ಅಂತ ಎರಡು ಸಲ ಹೇಳಿ, ಅವರು ಅಭ್ಯಾಸಬಲದಿಂದ ಹೊಡೆದುಬಿಡ್ತಾರೆ. 80, 120, 220 ನಂಬರ್ ಸ್ಯಾಂಡ್ ಪೇಪರ್ ಇದೇ ಸಾಲಲ್ಲಿ ಉಜ್ಜಿಸಿ. ಆಮೇಲೆ ಒದ್ದೆ ಬಟ್ಟೇಲಿ ಒರೆಸಿದ್ರೆ ಮರದ ನಾರು ಮುಳ್ಳಿನ ಹಾಗೆ ಏಳುತ್ತೆ. ಒಣಗಿದ ಮೇಲೆ ಇನ್ನೊಮ್ಮೆ 220ರಲ್ಲಿ ಉಜ್ಜಬೇಕು. ಈ ಒಂದು ಕೆಲಸ ಬಿಟ್ರೆ ಮೊದಲ ಸಲ ತೊಳೆದಾಗಲೇ ಮಣೆ ತರಿತರಿ ಆಗುತ್ತೆ.

ಎಣ್ಣೆಗೆ ಮೆಡಿಕಲ್ ಶಾಪಲ್ಲಿ ಲಿಕ್ವಿಡ್ ಪ್ಯಾರಫಿನ್ ಐ.ಪಿ. ಅಂತ ಕೇಳಿ. ಮಲಬದ್ಧತೆಗೆ ಕೊಡೋದೇ, ಆದ್ರೆ ಫ್ಲೇವರ್ ಹಾಕಿದ, ಬೇರೆ ಔಷಧಿ ಬೆರೆಸಿದ ಬಾಟಲಿ ಆಗಬಾರದು. ಚೆನ್ನಾಗಿ ಒಣಗಿದ ಮಣೆಗೆ ಎರಡು ಮೂರು ದೊಡ್ಡ ಚಮಚ, ಎರಡೂ ಕಡೆ ಹಚ್ಚಿ, ತುದಿಗಳಿಗೆ ಜಾಸ್ತಿ, ಯಾಕಂದ್ರೆ ನೀರು ಕುಡಿಯೋದು ಅಲ್ಲಿಂದಲೇ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸಿ. ಹೀಗೆ ಮೂರು ದಿನ, ಆಮೇಲೆ ತಿಂಗಳಿಗೊಂದು ಸಲ. ನೀರಿನ ಹನಿ ಮಣಿಯಾಗಿ ನಿಂತ್ರೆ ಸಾಕು, ಹೀರಿಕೊಂಡ್ರೆ ಮತ್ತೆ ಹಚ್ಚಿ. ಕಡಲೆಕಾಯಿ ಎಣ್ಣೆ, ಸನ್‌ಫ್ಲವರ್ ಎಣ್ಣೆ ಬೇಡ, ಜಿಡ್ಡು ಕಟ್ಟಿ ಕಮಟು ವಾಸನೆ ಬರುತ್ತೆ.

ಬಾಳೆಕಾಯಿ, ಬಾಳೆ ಹೂವು ಹೆಚ್ಚೋ ಮುಂಚೆ ಮಾತ್ರ ಮಣೆಗೂ ಚಾಕುಗೂ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಸೊನೆ ಅಂಟಿ ಕಪ್ಪಾಗಲ್ಲ. ಹಲಸಿನಕಾಯಿಗೂ ಹಾಗೇ. ವಾಸನೆ ಹಿಡಿದ್ರೆ ಕಲ್ಲುಪ್ಪು ಉದುರಿಸಿ ನಿಂಬೆ ಹೋಳಿಂದ ಉಜ್ಜಿ ತೊಳೀರಿ.

ತೊಳೆಯೋವಾಗ ಎರಡೂ ಕಡೆ ಒದ್ದೆ ಮಾಡಿ. ಒಂದೇ ಕಡೆ ನೀರು ಕುಡಿದ್ರೆ ಬಗ್ಗುತ್ತೆ. ನೆನೆಹಾಕಬೇಡಿ, ಬಿಸಿಲಿಗೂ ಇಡಬೇಡಿ, ಸೀಳುತ್ತೆ. ಒರೆಸಿ ಗೋಡೆಗೆ ಒರಗಿಸಿ ನಿಲ್ಲಿಸಿ. ಜಾರದ ಹಾಗೆ ಕೆಳಗೊಂದು ಒದ್ದೆ ಬಟ್ಟೆ ಹಾಕ್ಕೊಳ್ಳಿ. ಮಣೆ ತಳಕ್ಕೆ ರಬ್ಬರ್ ಕಾಲು ಹೊಡೆಸಿದ್ರೆ ಒಂದೇ ಮುಖ ಬಳಸೋಕಾಗೋದು.

ಮೀನು ಮಾಂಸಕ್ಕೆ ಬೇರೆ ಮಣೆ ಇರಲಿ. ಮೂಳೆ ಕಡಿಯೋದಾದ್ರೆ ಹುಣಸೆ ಕೊರಡೇ ಬೇಕು.

ಅಕೇಶಿಯಾನೇ ತರಿಸೋದಾದ್ರೆ ವಿವರದಲ್ಲಿ ತೂಕ ನೋಡಿ. 14 ಇಂಚು 10 ಇಂಚು, ಮುಕ್ಕಾಲಿಂಚು ದಪ್ಪ ಅಂದ್ರೆ ಒಂದು ಕೆ.ಜಿ. ಮೇಲಿರಬೇಕು. ಅರ್ಧ ಕೆ.ಜಿ. ಅಂತಿದ್ರೆ ದಪ್ಪ ಸುಳ್ಳು, ಇಲ್ಲಾ ಮರ ಬೇರೆ. ಆಚಾರ್ರ ಹತ್ರ ಹಲಗೆ ಸಿಕ್ರೆ, ಕೊಯ್ಯೋ ಮುಂಚೆ ಎರಡೂ ತುದಿ ಫೋಟೋ ತೆಗೆದು ಕಳಿಸಿ, ಗೆರೆ ನೋಡಿ ಹೇಳ್ತೀನಿ.