ಅಪ್‌ಡೇಟ್: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ, ದಾರ ಹಿಡಿದು ಅಳೆದ ಮೇಲೆ

ಅಮ್ಮ ಒಬ್ಬರೇ ತಂಗಿಯ ಮನೆಗೆ ಹೊರಟಿದ್ದಾರೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ನೇರ ವಿಮಾನಕ್ಕೆ ಎಷ್ಟು ಹೊತ್ತು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ.

ಸುಮಾರು 14,000 ಕಿಲೋಮೀಟರ್ ಎಂದವರ ಲೆಕ್ಕವೇ ಸರಿ. ನಾನು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದು ಮೂರ್ಖನಾಗಿದ್ದೆ. ಮಗಳ ಗ್ಲೋಬಿನ ಮೇಲೆ ದಾರ ಎಳೆದು ಹಿಡಿದಾಗ ಅದು ಚೀನಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಅಂಚನ್ನು ಮುಟ್ಟಿ ಅಮೆರಿಕಕ್ಕೆ ಇಳಿಯಿತು! ಆದರೆ ವಿಮಾನ ದಾರದ ಮಾತು ಕೇಳುವುದಿಲ್ಲ. ಗಾಳಿ ಬೆನ್ನಿಗೆ ಸಿಗುವಂತೆ ಪೆಸಿಫಿಕ್ ಮೇಲೆ ಹಾಯ್ದು, ಹದಿನಾರೂವರೆ ಗಂಟೆಯಲ್ಲಿ ಅಮ್ಮನನ್ನು ತಲುಪಿಸಿತು.

ತಮಾಷೆ ಗಡಿಯಾರದ್ದು. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟವರು ಅಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿದರು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. "ಮೂರೇ ಗಂಟೆಯಂತೆ, ಮತ್ತೆ ಕಾಲು ಏಕೆ ಹೀಗೆ ಊದಿದೆ?" ಎಂದು ಫೋನಿನಲ್ಲಿ ನನ್ನನ್ನೇ ಗದರಿದರು. ನಡುನಡುವೆ ಎದ್ದು ಓಡಾಡಿ ಎಂಬ ನಿಮ್ಮ ಸಲಹೆಯನ್ನು ಅವರು ಪಾಲಿಸಿಲ್ಲವೆಂದು ಇದರಿಂದ ತಿಳಿಯಿತು.